ಲಿಡಿಯಾಳ ಮುಖ ಕಪ್ಪಿಟ್ಟಿದ್ದೇಕೆ?

‘ಸ್ಕೈರಿಮ್’ ಎಂಬ ಕಂಪ್ಯೂಟರ್ ಆಟ ಹಚ್ಚಿಕೊಂಡವರಲ್ಲಿ ಎರಡು ಪಂಗಡ. ಒಂದು ಪಂಗಡ ಆಟ ಆಡುತ್ತದೆ. ಇನ್ನೊಂದು ಆಟವನ್ನು ಅಣಿಗೊಳಿಸುವುದರಲ್ಲೇ ತಿಂಗಳುಗಟ್ಟಲೆ ಕಳೆದು, ಆಡುವುದನ್ನು ಮುಂದೂಡುತ್ತಲೇ ಇರುತ್ತದೆ. ನಾನು ಎರಡನೆಯ ಪಂಗಡದವನು; ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿಲ್ಲ. ಬೆಥೆಸ್ಡಾ ಕಂಪನಿ ಈ ಆಟವನ್ನು ಬಿಡುಗಡೆ ಮಾಡಿದ್ದು 2011ರ ನವೆಂಬರ್ 11ರಂದು. ಮುಂದಿನ ಫೆಬ್ರುವರಿಯಲ್ಲಿ, ಆಟ ಕಟ್ಟುವ ಸಲಕರಣೆಯನ್ನೇ ‘ಕ್ರಿಯೇಷನ್ ಕಿಟ್’ ಹೆಸರಿನಲ್ಲಿ ಪುಕ್ಕಟೆ ಹೊರಬಿಟ್ಟಿತು. ಆಗ ಶುರುವಾದ ಮಾಡ್‌ಗಳ, ಅಂದರೆ ಆಟವನ್ನು ಬದಲಿಸಲು ಆಟಗಾರರೇ ಕಟ್ಟುವ ತುಣುಕುಗಳ, ಸುಗ್ಗಿ ಇನ್ನೂ ಮುಗಿದಿಲ್ಲ. ಆಸ್ಟ್ರೇಲಿಯಾದ ನಿಕ್ ಪಿಯರ್ಸ್ ಕಟ್ಟಿದ ‘ದ ಫರ್ಗಾಟನ್ ಸಿಟಿ’ ಎಂಬ ಮಾಡ್‌ಗೆ ಅಲ್ಲಿನ ಲೇಖಕರ ಸಂಘದ ಪ್ರಶಸ್ತಿ ಬಂತು. 2021ರಲ್ಲಿ ಅದು ಸ್ವತಂತ್ರ ಆಟವಾಗಿಯೂ ಹೊರಬಂತು.

ಇದನ್ನೆಲ್ಲ ಕೇಳಿದ ಹೊಸಬರು ಮೊದಲ ಸಂಜೆಯೇ ಸಿಕ್ಕ ಸಿಕ್ಕ ಮಾಡ್‌ಗಳನ್ನೆಲ್ಲ ಇಳಿಸಿಕೊಂಡು ಕೂರುತ್ತಾರೆ. ಆಟ ಮೆನು ತೋರಿಸುವ ಮೊದಲೇ ಸತ್ತು ಡೆಸ್ಕ್‌ಟಾಪ್ ಎದುರಾಗುತ್ತದೆ. ಬೈಗುಳವೆಲ್ಲ ಮಾಡ್ ಬರೆದವರ ಪಾಲಿಗೆ.

ಒಂದೇ ಒಂದು ಮಾಡ್ ಹಾಕುವ ಮೊದಲು ಆಗಬೇಕಾದ ಕೆಲಸ ಸ್ವಲ್ಪವಿದೆ. ಆಟ 2016ರ ಸ್ಪೆಷಲ್ ಎಡಿಷನ್ ಆಗಿರಲಿ. ಅದು 64 ಬಿಟ್‌ನದು. 2011ರ ಹಳೆಯದು 32 ಬಿಟ್‌ನದು, ಭಾರ ಹೊರಲಾರದು. ಆಟ ಕೊಳ್ಳುವ ತಾಣವಾದ ಸ್ಟೀಮ್ ತಾನಾಗಿ ಆರಿಸಿಕೊಳ್ಳುವ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್ ಬೇಡ. ವಿಂಡೋಸ್ ಅಲ್ಲಿ ಕಾವಲು ಕೂತಿರುತ್ತದೆ, ಬೇರೆ ತಂತ್ರಾಂಶ ಫೈಲ್ ತಿದ್ದಲು ಹೋದರೆ ಅಡ್ಡಗಾಲು ಹಾಕುತ್ತದೆ. ಡ್ರೈವ್‌ನಲ್ಲಿ ಬೇರೆಯದೇ ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿ. ಆಮೇಲೆ ಯಾವ ಮಾಡ್ ಇಲ್ಲದೆ ಒಮ್ಮೆ ಆಟ ತೆರೆದು ಮುಚ್ಚಿ. ಆಟದ ಸೆಟ್ಟಿಂಗ್ಸ್ ಫೈಲ್‌ಗಳು ಹುಟ್ಟುವುದೇ ಆಗ.

ಇನ್ನು ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಎಲ್ಲರ ಬಾಯಲ್ಲಿ ಎಸ್‌ಕೆಎಸ್‌ಇ. ಒಳ್ಳೆಯ ಮಾಡ್‌ಗಳಲ್ಲಿ ಬಹಳಷ್ಟು ಇದನ್ನು ನೆಚ್ಚಿಕೊಂಡಿವೆ. ಇನ್ವೆಂಟರಿಯನ್ನು ಮನುಷ್ಯರು ಓದುವಂತೆ ಮಾಡಿಕೊಡುವ ‘ಸ್ಕೈಯುಐ’ ಕೂಡ. ಎಸ್‌ಕೆಎಸ್‌ಇ ಆಟದ ಎಕ್ಸಿಕ್ಯೂಟಬಲ್ ಫೈಲಿನೊಳಗೆ ಯಾವ ಕೆಲಸ ಎಲ್ಲಿ ನಡೆಯುತ್ತದೆಂದು ವಿಳಾಸ ಹಿಡಿದು ಕೈಹಾಕುತ್ತದೆ. ಆಟ ಅಪ್‌ಡೇಟ್ ಆಯಿತೆಂದರೆ ಆ ವಿಳಾಸಗಳೆಲ್ಲ ಬದಲಾಗುತ್ತವೆ. 2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಷನ್ ಬಂದಾಗ ಆದದ್ದು ಇದೇ. 1.5.97ನೇ ಆವೃತ್ತಿಯಲ್ಲಿ ಸುಖವಾಗಿದ್ದವರ ಮಾಡ್‌ಗಳು ರಾತ್ರೋರಾತ್ರಿ ಕೈಕೊಟ್ಟವು. ಆದ್ದರಿಂದ ನಿಮ್ಮ ಆಟದ ಆವೃತ್ತಿ ಯಾವುದೆಂದು ನೋಡಿ, ಅದಕ್ಕೆ ಹೊಂದುವ ಎಸ್‌ಕೆಎಸ್‌ಇಯನ್ನೇ ಇಳಿಸಿಕೊಳ್ಳಿ. ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಎಂದು ಸ್ಟೀಮ್‌ಗೆ ಹೇಳಿಡಿ, ಆಟವನ್ನು ಎಸ್‌ಕೆಎಸ್‌ಇ ಮೂಲಕವೇ ತೆರೆಯಿರಿ. ಆಟದೊಳಗೆ ಕನ್ಸೋಲ್ ತೆರೆದು ‘ಗೆಟ್ಎಸ್‌ಕೆಎಸ್‌ಇವರ್ಷನ್’ ಎಂದು ಒಂದೇ ಪದವಾಗಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಸಂಖ್ಯೆ ತೋರಿಸಿತೋ, ಬುನಾದಿ ಗಟ್ಟಿ.

ಮಾಡ್‌ಗಳನ್ನು ಸೀದಾ ಆಟದ ಡೇಟಾ ಫೋಲ್ಡರ್‌ಗೆ ಸುರಿಯುವ ಕಾಲ ಹೋಯಿತು. ಈಗ ಅವನ್ನು ನಿಭಾಯಿಸಲೆಂದೇ ತಂತ್ರಾಂಶಗಳಿವೆ; ನನ್ನ ಆಯ್ಕೆ ಮಾಡ್ ಆರ್ಗನೈಸರ್ 2. ಅದು ಪ್ರತಿ ಮಾಡ್ ಅನ್ನೂ ತನ್ನದೇ ಫೋಲ್ಡರ್‌ನಲ್ಲಿ ಇಟ್ಟು, ಆಟ ನಡೆಯುವಾಗ ಮಾತ್ರ ಎಲ್ಲವೂ ಡೇಟಾ ಫೋಲ್ಡರ್‌ನಲ್ಲೇ ಇದ್ದಂತೆ ಆಟಕ್ಕೆ ತೋರಿಸುತ್ತದೆ. ಮೂಲ ಫೋಲ್ಡರ್ ಮುಟ್ಟಿದವರಿಲ್ಲ. ಎಸ್‌ಕೆಎಸ್‌ಇಯನ್ನೂ ಇದರೊಳಗಿಂದಲೇ ಚಾಲೂ ಮಾಡಬೇಕು. ಸ್ಟೀಮ್‌ನ ಬಟನ್ ಒತ್ತಿದರೆ ಒಂದು ಮಾಡ್ ಕೂಡ ಕಾಣುವುದಿಲ್ಲ.

ಮಾಡ್ ಆರ್ಗನೈಸರ್‌ನ ಕಿಟಕಿಯಲ್ಲಿ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಎಡದ್ದು ಫೈಲ್‌ಗಳ ಸರದಿ, ಅಂದರೆ ಆಕಾರ, ಚಿತ್ರ, ಸದ್ದುಗಳದ್ದು. ಬಲದ್ದು ಪ್ಲಗಿನ್‌ಗಳ ಸರದಿ, ಅಂದರೆ ಯಾರು ಯಾರು, ಏನು ತೊಟ್ಟಿದ್ದಾರೆ, ಎಷ್ಟು ಬಲಿಷ್ಠರು ಎಂಬ ದಾಖಲೆಗಳದ್ದು. ಒಬ್ಬನೇ ಹಲವು ಉಯಿಲು ಬರೆದಿಟ್ಟರೆ ಊರ್ಜಿತವಾಗುವುದು ಕೊನೆಯದು. ಎರಡು ಪಟ್ಟಿಗಳಲ್ಲೂ ಅದೇ ನ್ಯಾಯ. ತಕರಾರು ಬರುವುದು ಎಡದ ಕೊನೆಯ ಮಾತು ಒಬ್ಬನದು, ಬಲದ್ದು ಇನ್ನೊಬ್ಬನದು ಆದಾಗ.

ವೈಟ್‌ರನ್ ಊರಿನ ಅಂಗರಕ್ಷಕಿ ಲಿಡಿಯಾಳನ್ನೇ ತೆಗೆದುಕೊಳ್ಳಿ. ಒಂದು ಮಾಡ್ ಆಕೆಗೆ ಹೊಸ ಮುಖ ಕೊಡುತ್ತದೆ, ಮತ್ತೊಂದು ಹೊಸ ಕವಚ. ಕವಚದ ಮಾಡ್‌ಗೆ ಮುಖದ ಗೊಡವೆಯೇ ಇಲ್ಲ. ಆದರೆ ಪ್ಲಗಿನ್ ನಕಲು ಮಾಡುವುದು ಇಡೀ ದಾಖಲೆಯನ್ನು, ಹಾಗಾಗಿ ಹಳೆಯ ಮುಖದ ವಿವರವೂ ಅದರ ಜೊತೆಗೇ ಬರುತ್ತದೆ. ಕವಚದ ಪ್ಲಗಿನ್ ಕೊನೆಗೆ ಬಂತೆಂದರೆ ದಾಖಲೆ ಹಳೆಯ ಮುಖ ಅನ್ನುತ್ತದೆ, ಫೈಲ್ ಹೊಸ ಮುಖ ಅನ್ನುತ್ತದೆ. ಆಟಕ್ಕೆ ದಿಕ್ಕು ತೋಚದೆ ಲಿಡಿಯಾಳ ಕೊರಳ ಮೇಲೆ ಮೈಬಣ್ಣಕ್ಕೆ ಸಂಬಂಧವೇ ಇಲ್ಲದ, ಮಸಿ ಬಳಿದಂಥ ಮುಖ ಕೂರುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ‘ಎಸ್‌ಎಸ್‌ಇ ಎಡಿಟ್’ ಎಂಬ ತಂತ್ರಾಂಶದಲ್ಲಿ ಎರಡೂ ಪ್ಲಗಿನ್ ತೆರೆಯಿರಿ. ಲಿಡಿಯಾಳ ದಾಖಲೆ ಅಕ್ಕಪಕ್ಕದ ಅಂಕಣಗಳಲ್ಲಿ ಕಾಣುತ್ತದೆ, ಜಗಳವಿರುವ ಸಾಲುಗಳು ಕೆಂಪಗೆ ಹೊಳೆಯುತ್ತವೆ. ದಾಖಲೆಯನ್ನು ಮೂರನೆಯ, ಹೊಸ ಪ್ಲಗಿನ್‌ಗೆ ನಕಲಿಸಿ, ಮುಖದ ಸಾಲುಗಳನ್ನು ಒಂದರಿಂದ, ಕವಚದ ಸಾಲನ್ನು ಇನ್ನೊಂದರಿಂದ ಮೌಸ್‌ನಲ್ಲಿ ಎಳೆದು ತಂದು, ಉಳಿಸಿ, ಪಟ್ಟಿಯ ಕೊನೆಗಿಡಿ. ಐದು ನಿಮಿಷದ ಕೆಲಸ. ಈ ಹವ್ಯಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸುಖ ಸಿಕ್ಕಿಲ್ಲ.

‘ಲೂಟ್’ ಎಂಬ ತಂತ್ರಾಂಶ ಪ್ಲಗಿನ್‌ಗಳ ಸರದಿಯನ್ನು ತಾನೇ ಜೋಡಿಸಿಕೊಡುತ್ತದಲ್ಲ ಎನ್ನುವವರಿದ್ದಾರೆ. ಜೋಡಿಸುತ್ತದೆ, ಚೆನ್ನಾಗಿಯೇ. ಆದರೆ ನಿಮಗೆ ಯಾವ ಮುಖ ಇಷ್ಟ ಎಂಬುದು ಅದಕ್ಕೇನು ಗೊತ್ತು? ‘ವಬ್ಬಾಜ್ಯಾಕ್’ ಅಂತೂ ಬೇರೆಯವರು ಕಟ್ಟಿದ ಪಟ್ಟಿಯನ್ನೇ ಇಡಿಯಾಗಿ ನಿಮ್ಮ ಕಂಪ್ಯೂಟರ್‌ನಲ್ಲಿ ಮರುಕಟ್ಟುತ್ತದೆ. ಬಿಡುವಿಲ್ಲದವರಿಗೆ ಸರಿ. ಏನಾದರೂ ಕೆಟ್ಟರೆ ಎಲ್ಲಿ ನೋಡಬೇಕೆಂಬುದು ಮಾತ್ರ ಆ ಬೇರೆಯವರಿಗೇ ಗೊತ್ತಿರುತ್ತದೆ.

ಪೂರ್ಣ ಪ್ಲಗಿನ್‌ಗಳಿಗೆ 254ರ ಮಿತಿಯಿದೆ, ಹಗುರ ಎಂದು ಗುರುತು ಹಾಕಿದವುಗಳಿಗೆ ಬೇರೆಯಾಗಿ 4096ರದ್ದು. ಜಾಗ ಇದೆ ಎಂದು ತುಂಬಬೇಕಿಲ್ಲ. ಬಗ್ ತಿದ್ದುವ ‘ಅನಫಿಷಿಯಲ್ ಪ್ಯಾಚ್’, ಸ್ಕೈಯುಐ, ಮೇಲೆ ನಾಲ್ಕಾರು ಇಷ್ಟದವು: ಅಷ್ಟರಿಂದ ಶುರುಮಾಡಿ, ಒಂದೊಂದು ಹಾಕಿದಾಗಲೂ ಆಟ ತೆರೆದು ವೈಟ್‌ರನ್‌ನಲ್ಲಿ ಒಂದು ಸುತ್ತು ಬನ್ನಿ.

ನಿಜವಾದ ಆಟ ಶುರುವಾದ ಮೇಲೆ ಪಟ್ಟಿಯಿಂದ ಏನನ್ನೂ ತೆಗೆಯಬೇಡಿ. ಸ್ಕ್ರಿಪ್ಟ್ ಇರುವ ಮಾಡ್‌ಗಳು ಸೇವ್ ಫೈಲ್‌ನೊಳಗೂ ಬೇರು ಬಿಟ್ಟಿರುತ್ತವೆ. ಮಾಡ್ ಕಿತ್ತರೂ ಅದರ ಚೂರು ಅಲ್ಲೇ ಉಳಿದು ಇಪ್ಪತ್ತು ಗಂಟೆ ಆಡಿದ ಮೇಲೆ ಕಾಟ ಕೊಟ್ಟೀತು. ಹೊಸ ಮಾಡ್ ಕಣ್ಣಿಗೆ ಬಿದ್ದು ಕೈ ತುರಿಸಿದರೆ, ಮಾಡ್ ಆರ್ಗನೈಸರ್‌ನಲ್ಲಿ ಪ್ರೊಫೈಲ್‌ನ ಒಂದು ನಕಲು ಮಾಡಿ, ಅದರ ಸೇವ್‌ಗಳು ಬೇರೆಯಾಗಿ ಉಳಿಯುವಂತೆ ಟಿಕ್ ಹಾಕಿ, ಆಟಾಟೋಪವನ್ನೆಲ್ಲ ಅಲ್ಲಿ ಮಾಡಿ.