ಜಡೆ, ಹೆರಳು, ಜುಟ್ಟು: ಕೇಶವಿನ್ಯಾಸದ ಪದಗಳು ಮತ್ತು ನಮ್ಮ ನಿಘಂಟುಗಳ ಸಮಾನಾರ್ಥಕ ರೂಢಿ

1. ಪ್ರಶ್ನೆ

ಕನ್ನಡದ ಪ್ರಾದೇಶಿಕ ಪದಭೇದವನ್ನು ವಿವರಿಸುವಾಗ ನಮ್ಮಲ್ಲಿ ಒಂದು ಸುಲಭ ಕ್ರಮ ಬೇರೂರಿದೆ. ಒಂದು ವಸ್ತುವನ್ನು ಮುಂದಿಟ್ಟು, ಮೈಸೂರು ಸೀಮೆಯಲ್ಲಿ ಅದಕ್ಕೆ ಏನೆನ್ನುತ್ತಾರೆ, ಧಾರವಾಡದ ಕಡೆ ಏನೆನ್ನುತ್ತಾರೆ, ಕರಾವಳಿಯಲ್ಲಿ ಏನೆನ್ನುತ್ತಾರೆ ಎಂದು ಪಟ್ಟಿ ಮಾಡುವುದು ಆ ಕ್ರಮ. ಕೆಲವು ಪದಗಳಿಗೆ ಇಷ್ಟು ಸಾಕು. ದಕ್ಷಿಣದ ‘ಬಾಚಣಿಗೆ’ಯೂ ಉತ್ತರದ ‘ಹಣಿಗೆ’ಯೂ ಒಂದೇ ಸಲಕರಣೆಯ ಎರಡು ಹೆಸರುಗಳು. ಒಂದೆಡೆ ‘ತಲೆ ಬಾಚು’ ಎಂದರೆ ಇನ್ನೊಂದೆಡೆ ‘ತಲೆ ಹಿಕ್ಕು’ ಎನ್ನುತ್ತಾರೆ. ಕೆಲಸ ಮಾತ್ರ ಅದೇ.

ಬಾಚಿದ ಕೂದಲಿಗೆ ಕೊಡುವ ರೂಪಗಳ ಹೆಸರುಗಳಿಗೆ ಬಂದಾಗ ಈ ಕ್ರಮ ಕೈಕೊಡುತ್ತದೆ. ಜಡೆ, ಹೆರಳು, ತುರುಬು, ಮುಡಿ, ಜುಟ್ಟು, ಚಂಡಿಕೆ, ಕ್ರಾಪು ಇವುಗಳಲ್ಲಿ ಯಾವುದೂ ಕೇವಲ ಒಂದು ಆಕಾರದ ಹೆಸರಲ್ಲ. ಆ ರೂಪವನ್ನು ಯಾರು ಯಾರಿಗೆ ಮಾಡುತ್ತಾರೆ, ಯಾವ ವಯಸ್ಸಿನಲ್ಲಿ, ಯಾವ ಹರಕೆಗೆ, ಯಾರ ಒತ್ತಾಯಕ್ಕೆ ಎಂಬುದೂ ಪದದ ಅರ್ಥದೊಳಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಪ್ರದೇಶದಿಂದ ಪ್ರದೇಶಕ್ಕೆ ಕೆಲವೊಮ್ಮೆ ಹೆಸರು ಮಾತ್ರ ಬದಲಾದರೆ, ಕೆಲವೊಮ್ಮೆ ಹೆಸರಿಸುವ ಸಂಗತಿಯೇ ಬೇರೆಯಾಗುತ್ತದೆ. ಇವೆರಡನ್ನು ಬೇರ್ಪಡಿಸುವ ಒರೆಗಲ್ಲು ನಮ್ಮ ನಿಘಂಟುಗಳಲ್ಲಿಯೂ ಪ್ರಶ್ನಾವಳಿಗಳಲ್ಲಿಯೂ ಇಲ್ಲವೆಂಬುದು ಈ ಲೇಖನದ ಆಕ್ಷೇಪ. ಅಂಥದೊಂದು ಒರೆಗಲ್ಲನ್ನು ಸೂಚಿಸುವುದು ಇದರ ಉದ್ದೇಶ.

2. ನಿಘಂಟುಗಳ ಕೊಡುಗೆ ಮತ್ತು ಕೊರತೆ

ಫರ್ಡಿನಾಂಡ್ ಕಿಟ್ಟೆಲರ 1894ರ ನಿಘಂಟು ಹಲವು ಪದಗಳಿಗೆ ಮೈಸೂರು, ದಕ್ಷಿಣ ಮರಾಠಾ ಸೀಮೆ ಎಂಬ ಪ್ರಾದೇಶಿಕ ಗುರುತುಗಳನ್ನು ನೀಡಿತು. ಪದವೊಂದು ಎಲ್ಲಿಯದು ಎಂಬುದು ಅರ್ಥವಿವರಣೆಯ ಭಾಗವೆಂಬ ತಿಳಿವು ಅಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಚಾರಿತ್ರಿಕ ತತ್ತ್ವವನ್ನು ಅನುಸರಿಸಿ, ಶಾಸನ ಮತ್ತು ಸಾಹಿತ್ಯದ ಪ್ರಯೋಗಗಳ ಮೇಲೆ ನಿಂತಿದೆ. ಕಾಲದ ಆಳವನ್ನು ಅದು ತೋರಿಸಿದಷ್ಟು ನೆಲದ ಹರವನ್ನು ತೋರಿಸುವುದಿಲ್ಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಪರಿಷ್ಕೃತ ಆವೃತ್ತಿ ಜ್ಞಾತಿಪದಗಳನ್ನು ಒಟ್ಟಿಗೆ ತಂದು ನಿಲ್ಲಿಸುತ್ತದೆ. ಅವು ಬಳಕೆಯಲ್ಲಿ ಹೇಗೆ ದೂರವಾದವೆಂಬುದನ್ನು ಹೇಳುವುದು ಅದರ ಕೆಲಸವಲ್ಲ.

ಇವು ಮೂರೂ ತಮ್ಮ ತಮ್ಮ ಗುರಿಯಲ್ಲಿ ದೊಡ್ಡ ಸಾಧನೆಗಳು. ತೊಡಕಿರುವುದು ಇವುಗಳ ನೆರಳಿನಲ್ಲಿ ಬೆಳೆದ ಕೈನಿಘಂಟುಗಳ ರೂಢಿಯಲ್ಲಿ. ಒಂದು ಪದಕ್ಕೆ ಇನ್ನೊಂದು ಪದವನ್ನೇ ಅರ್ಥವೆಂದು ಕೊಡುವ ಆ ರೂಢಿಯಲ್ಲಿ ಹೆರಳು ಎಂದರೆ ಜಡೆ, ತುರುಬು ಎಂದರೆ ಮುಡಿ, ಜುಟ್ಟು ಎಂದರೆ ಶಿಖೆ. ಓದುಗ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳುತ್ತಾನೆ.

3. ಹೆಸರು ಮಾತ್ರ ಬೇರೆಯಾದಾಗ: ಜುಟ್ಟು ಮತ್ತು ಶೆಂಡಿ

ಮೊದಲು ನಿಜವಾದ ಸಮಾನಾರ್ಥಕದ ಒಂದು ನಿದರ್ಶನವನ್ನು ನೋಡೋಣ. ಕನ್ನಡದ ‘ಜುಟ್ಟು’ ಮತ್ತು ಮರಾಠಿಯ ‘ಶೆಂಡಿ’ ಎರಡೂ ನೆತ್ತಿಯಲ್ಲಿ ಉಳಿಸಿಕೊಂಡ ಕೂದಲ ಗೊಂಚಲಿಗೆ ಸಲ್ಲುತ್ತವೆ. ತೆಂಗಿನಕಾಯಿಯ ತುದಿಯ ನಾರಿಗೆ ಕನ್ನಡದಲ್ಲಿ ಜುಟ್ಟು, ಮರಾಠಿಯಲ್ಲಿ ಶೆಂಡಿ. ಒಬ್ಬರು ಇನ್ನೊಬ್ಬರ ಹಿಡಿತದಲ್ಲಿದ್ದಾರೆ ಎನ್ನಲು ಇಲ್ಲಿ ಅವರ ಜುಟ್ಟು ಕೈಯಲ್ಲಿದೆ ಎನ್ನುತ್ತೇವೆ. ಅಲ್ಲಿ ಶೆಂಡಿ ಕೈಯಲ್ಲಿರುತ್ತದೆ. ಮೂಲಾರ್ಥ, ವಸ್ತುವಿಗೆ ಹಬ್ಬಿದ ಲಕ್ಷಣಾರ್ಥ, ನುಡಿಗಟ್ಟು ಮೂರೂ ಸಾಲಾಗಿ ಹೊಂದುತ್ತವೆ. ಹೊಂದದಿರುವುದೂ ಇದೆ: ಮೋಸಮಾಡುವುದಕ್ಕೆ ಮರಾಠಿಯಲ್ಲಿ ‘ಶೆಂಡಿ ಲಾವಣೆ’ ಎನ್ನುವ ಕಡೆ ಕನ್ನಡವು ಜುಟ್ಟನ್ನು ಬಿಟ್ಟು ‘ನಾಮ ಹಾಕು’ ಎನ್ನುತ್ತದೆ. ಆದರೂ ನಂಟುಗಳ ಬಹುಭಾಗ ಒಂದೇ ಆಗಿರುವುದರಿಂದ ಈ ಎರಡು ಪದಗಳನ್ನು ಭೂಪಟದಲ್ಲಿ ಎರಡು ಬಣ್ಣಗಳಾಗಿ ಗುರುತಿಸಿದರೆ ತಪ್ಪಿಲ್ಲ.

ತೆಲುಗಿನ ಕಡೆ ತಿರುಗಿದರೆ ಚಿತ್ರ ಬೇರೆ. ಅಲ್ಲಿಯೂ ‘ಜುಟ್ಟು’ ಇದೆ. ಆದರೆ ಇಂದಿನ ಆಡುತೆಲುಗಿನಲ್ಲಿ ಅದು ತಲೆಗೂದಲಿಗೇ ಸಾಮಾನ್ಯ ಹೆಸರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಕನ್ನಡ ಗಾದೆಯ ಕಟಕಿ ನಿಂತಿರುವುದು ಜುಟ್ಟು ಅಲ್ಪವಾದುದೆಂಬ ಭಾವದ ಮೇಲೆ. ಇಡೀ ಕೂದಲಿನ ಅರ್ಥದಲ್ಲಿ ಆ ಮೊನೆ ಉಳಿಯದು. ಪದ ಒಂದೇ, ನಂಟು ಬೇರೆ. ಕೇವಲ ಪದರೂಪವನ್ನು ಗುರುತಿಸುವ ಭೂಪಟ ಕನ್ನಡ-ಮರಾಠಿಗಳ ನಡುವೆ ಗೆರೆ ಎಳೆದು ಕನ್ನಡ-ತೆಲುಗುಗಳನ್ನು ಒಂದೇ ಬಣ್ಣದಲ್ಲಿ ತುಂಬುತ್ತದೆ. ಅರ್ಥದ ದೃಷ್ಟಿಯಿಂದ ಇದು ತಲೆಕೆಳಗಾದ ಚಿತ್ರ.

4. ಹೆಸರಿಸುವ ಸಂಗತಿಯೇ ಬೇರೆಯಾದಾಗ: ಜಡೆ ಮತ್ತು ಹೆರಳು

‘ಜಡೆ’ ಸಂಸ್ಕೃತದ ಜಟಾ ಶಬ್ದದ ತದ್ಭವ. ಮೂಲದಲ್ಲಿ ಅದು ಬಾಚದೆ ಬಿಟ್ಟು ಗಂಟುಗಟ್ಟಿದ, ತಪಸ್ವಿಗಳ ಕೂದಲು. ಕನ್ನಡದ ಬಳಕೆಯಲ್ಲಿ ಅದು ಬಾಚಿ, ಎಣ್ಣೆ ಹಚ್ಚಿ, ಎಳೆ ಎಳೆಯಾಗಿ ಹೆಣೆದ ಕೂದಲಿಗೆ ಸಂದಿತು. ಅಂದರೆ ಆರೈಕೆಯನ್ನು ತೊರೆದುದರ ಹೆಸರು ಆರೈಕೆಯ ಹೆಸರಾಯಿತು. ಹಳೆಯ ಅರ್ಥ ಅಳಿದಿಲ್ಲ. ‘ಜಡೆಗಟ್ಟು’ ಎಂಬ ಕ್ರಿಯಾಪದದಲ್ಲಿ ಅದು ಇಂದಿಗೂ ಜೀವಂತವಾಗಿದೆ. ‘ಅಮ್ಮ ಮಗಳಿಗೆ ಜಡೆ ಹಾಕಿದಳು’ ಎಂಬಲ್ಲಿ ಕರ್ತೃ ಮನುಷ್ಯಳು. ‘ಕೂದಲು ಜಡೆಗಟ್ಟಿತು’ ಎಂಬಲ್ಲಿ ಕರ್ತೃಸ್ಥಾನದಲ್ಲಿರುವುದು ಕೂದಲೇ. ವ್ಯಾಕರಣವೇ ಎರಡು ಅರ್ಥಗಳನ್ನು ಬೇರೆ ಬೇರೆಯಾಗಿ ಕಾಪಾಡಿಕೊಂಡಿದೆ.

ಉತ್ತರ ಕರ್ನಾಟಕದಲ್ಲಿ ಈ ಎರಡನೆಯ ಅರ್ಥಕ್ಕೆ ಸಾಮಾಜಿಕ ತೂಕವಿದೆ. ಸವದತ್ತಿಯ ಎಲ್ಲಮ್ಮನ ಭಕ್ತರಲ್ಲಿ ಗಂಟುಗಟ್ಟಿದ ಕೂದಲಿಗೆ ಜಡೆ ಎಂದೇ ಹೆಸರು. ಅದು ದೇವಿಯ ಸಾನ್ನಿಧ್ಯದ ಗುರುತು. ಸುಧಾರಣೆಯ ಕಾರ್ಯಕರ್ತರಿಗೆ ಅದೇ ಜಡೆ ಕೊಳೆ ಮತ್ತು ಮೂಢನಂಬಿಕೆಯ ಗುರುತು; ಆದುದರಿಂದ ಕತ್ತರಿಸಬೇಕಾದದ್ದು. ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ತಮ್ಮ 2009ರ ಪ್ರಬಂಧದಲ್ಲಿ ಮತ್ತು 2014ರ ಗ್ರಂಥದಲ್ಲಿ ಈ ಸಂಘರ್ಷವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಭಾಷಾವಿಜ್ಞಾನಿ ಇಲ್ಲಿ ಗಮನಿಸಬೇಕಾದುದು ಒಂದಿದೆ. ‘ಜಡೆ: ಹೆಣೆದ ಕೂದಲು’ ಎಂದಷ್ಟೇ ಬರೆಯುವ ನಿಘಂಟು ಆ ಮಹಿಳೆಯರ ಪದವನ್ನು ದಾಖಲೆಯಿಂದಲೇ ಹೊರಗಿಡುತ್ತದೆ. ಕೂದಲಿಗೆ ಕತ್ತರಿ ಹಾಕುವವರ ಜೊತೆಗೆ ಅರ್ಥಕ್ಕೆ ಕತ್ತರಿ ಹಾಕುವವರೂ ಸೇರಿದಂತಾಗುತ್ತದೆ.

ಇದೇ ಸೀಮೆಯಲ್ಲಿ ದಿನಬಳಕೆಯ ಹೆಣಿಗೆಗೆ ‘ಹೆರಳು’ ಎಂಬ ಪದವಿದೆ. ಶಾಲೆಗೆ ಹೋಗುವ ಹುಡುಗಿ ಎರಡು ಹೆರಳು ಹಾಕಿಕೊಳ್ಳುತ್ತಾಳೆ. ಹಳೆಯ ಮೈಸೂರಿನ ಓದುಗರಿಗೆ ಹೆರಳು ಹೆಚ್ಚಾಗಿ ಪುಸ್ತಕದ ಪದ. ಅಲ್ಲಿನ ಹುಡುಗಿಗೆ ಇರುವುದು ಎರಡು ಜಡೆ. ಎಲ್ಲಮ್ಮನ ಜಡೆಗೆ ಪಾವಿತ್ರ್ಯವಿರುವುದರಿಂದಲೇ ಸಾಮಾನ್ಯ ಹೆಣಿಗೆಗೆ ಬೇರೆ ಹೆಸರು ಬೇಕಾಯಿತು ಎಂಬ ವಿವರಣೆ ಮನಸ್ಸನ್ನು ಸೆಳೆಯುತ್ತದೆ. ಇಷ್ಟು ಬೇಗ ಅದನ್ನು ಒಪ್ಪಬಾರದು. ಹೆರಳು ಕನ್ನಡಕ್ಕೆ ಹೊಸದಲ್ಲ. ಹಳೆಯ ಪದವೊಂದು ಒಂದು ಸೀಮೆಯಲ್ಲಿ ಆಡುಮಾತಾಗಿ ಉಳಿದು ಇನ್ನೊಂದರಲ್ಲಿ ಗ್ರಂಥಸ್ಥವಾಯಿತೆಂಬ ಸರಳ ವಿವರಣೆಗೆ ಆದ್ಯತೆ ಸಲ್ಲಬೇಕು. ಎರಡರಲ್ಲಿ ಯಾವುದು ನಿಲ್ಲುತ್ತದೆಂಬುದನ್ನು ಪರೀಕ್ಷಿಸುವ ದಾರಿಯಿದೆ. ಎಲ್ಲಮ್ಮನ ಭಕ್ತಿ ಬಲವಾಗಿರುವ ಊರುಗಳಲ್ಲಿಯೂ ಅಷ್ಟಾಗಿ ಇಲ್ಲದ ನೆರೆಯ ಊರುಗಳಲ್ಲಿಯೂ ಹೆರಳು ಒಂದೇ ಪ್ರಮಾಣದಲ್ಲಿ ಬಳಕೆಯಲ್ಲಿದ್ದರೆ ಪಾವಿತ್ರ್ಯದ ವಾದ ಬೀಳುತ್ತದೆ. ಪದವನ್ನು ಮಾತ್ರ ಕೇಳುವ ಪ್ರಶ್ನಾವಳಿಯಿಂದ ಈ ಪರೀಕ್ಷೆ ಸಾಧ್ಯವಿಲ್ಲ.

5. ಕ್ರಿಯಾಪದದ ಸಾಕ್ಷ್ಯ

ಹೆಸರುಗಳು ಮರೆಮಾಡುವುದನ್ನು ಅವುಗಳ ಜೊತೆಗಾರ ಕ್ರಿಯಾಪದಗಳು ಹೊರಹಾಕುತ್ತವೆ. ಜಡೆಯನ್ನು ಹಾಕುತ್ತೇವೆ ಅಥವಾ ಹೆಣೆಯುತ್ತೇವೆ, ತುರುಬನ್ನು ಕಟ್ಟುತ್ತೇವೆ, ಜುಟ್ಟನ್ನು ಬಿಡುತ್ತೇವೆ, ಮುಡಿಯನ್ನು ದೇವರಿಗೆ ಕೊಡುತ್ತೇವೆ.

‘ಮುಡಿ’ಯ ಮೂಲಾರ್ಥ ಕಟ್ಟು, ಗಂಟು. ಕನ್ನಡದಲ್ಲಿ ಅದು ಕಟ್ಟಿದ ಕೂದಲು, ಹೂವನ್ನು ತಲೆಗೇರಿಸುವ ಕ್ರಿಯೆಯೂ ಹೌದು. ಮಲಯಾಳದಲ್ಲಿ ಕೂದಲಿಗೇ ಮುಡಿ ಎಂದು ಹೆಸರು. ತುಳುನಾಡಿನಲ್ಲಿ ಹುಲ್ಲಿನಿಂದ ಬಿಗಿದ ಅಕ್ಕಿಯ ಕಟ್ಟು ಮುಡಿ, ಅಕ್ಕಿಯ ಅಳತೆಯೂ ಮುಡಿ. ಹಾಗಿದ್ದರೆ ತಿರುಪತಿಯಲ್ಲಿ ಬೋಳಿಸಿ ಒಪ್ಪಿಸುವ ಕೂದಲನ್ನು ‘ಮುಡಿ’ ಎನ್ನುವುದೇಕೆ? ಅಲ್ಲಿ ಕಟ್ಟೂ ಇಲ್ಲ, ಗಂಟೂ ಇಲ್ಲ. ಉತ್ತರದ ಸುಳಿವು ‘ಮುಡಿಪು’ ಪದದಲ್ಲಿದೆ. ದೇವರಿಗೆಂದು ಬಟ್ಟೆಯಲ್ಲಿ ಗಂಟುಕಟ್ಟಿ ಎತ್ತಿಟ್ಟ ಹಣ ಮುಡಿಪು. ಹರಕೆ ಹೊತ್ತು ಬೆಳೆಸಿದ ಕೂದಲೂ ಹೀಗೆ ಎತ್ತಿಟ್ಟದ್ದೇ. ಆದ್ದರಿಂದ ‘ಮುಡಿ ಕೊಡು’ ಎಂಬಲ್ಲಿ ಕೇಶವಿನ್ಯಾಸದ ಅರ್ಥಕ್ಕಿಂತ ಹರಕೆಯ ಅರ್ಥವೇ ಮುಂದಾಗಿದೆ ಎಂದು ಓದುವುದು ಯುಕ್ತ. ಉತ್ತರ ಕರ್ನಾಟಕದಲ್ಲಿ ಮಗುವಿನ ಮೊದಲ ಕೂದಲು ತೆಗೆಸುವುದಕ್ಕಿರುವ ‘ಜವಳ’ ಮರಾಠಿಯ ನಂಟಿನದು. ಅದನ್ನು ಮುಡಿಗೆ ಸಮಾನವೆಂದು ಬರೆದರೆ ಹರಕೆಯ ಈ ಎಳೆ ಕಳಚಿಹೋಗುತ್ತದೆ.

ಎರಡನೆಯ ಸಾಕ್ಷ್ಯ ‘ಕ್ರಾಪು’. ಇದರ ಮೂಲವಾದ ಇಂಗ್ಲಿಷ್ ಪದ ಹೇಳುವುದು ಕತ್ತರಿಸುವಿಕೆಯನ್ನು. ಕನ್ನಡದಲ್ಲಿ ಮಾತ್ರ ‘ಕ್ರಾಪು ಬಿಟ್ಟ’ ಎನ್ನುತ್ತೇವೆ. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುತ್ತಿದ್ದ ಸಮಾಜದ ಕಣ್ಣಿಗೆ ಹೊಸ ಪದ್ಧತಿ ಕೂದಲನ್ನು ಕತ್ತರಿಸುವುದಾಗಿರಲಿಲ್ಲ, ಬೋಳಿಸಬೇಕಾದ ಕಡೆ ಬೆಳೆಯಬಿಡುವುದಾಗಿತ್ತು. ಜುಟ್ಟು, ಗಡ್ಡ, ಮೀಸೆಗಳಿಗೆ ಸಲ್ಲುತ್ತಿದ್ದ ‘ಬಿಡು’ ಕ್ರಾಪಿಗೂ ಸಂದಿತು. ಎರವಲಾಗಿ ಬಂದದ್ದು ನಾಮಪದ. ಅದನ್ನು ನೋಡಿದ ದೃಷ್ಟಿ ಕನ್ನಡದ್ದೇ. ಇಂದು ‘ಸ್ಟೆಪ್ ಕಟ್ ಮಾಡಿಸಿಕೊಂಡಳು’ ಎನ್ನುವಾಗ ‘ಬಿಡು’ವೂ ಇಲ್ಲ, ‘ಹಾಕು’ವೂ ಇಲ್ಲ, ಪ್ರೇರಣಾರ್ಥಕ ಬಂದಿದೆ. ಮನೆಯ ಜಗಲಿಯಲ್ಲಿ ಅಮ್ಮನ ಕೈಯಲ್ಲಿದ್ದ ಕೆಲಸ ಪಾರ್ಲರಿಗೆ ಹೋದದ್ದನ್ನು ಈ ಪ್ರತ್ಯಯವೇ ಹೇಳುತ್ತದೆ.

6. ಬೈಗುಳಾಗಿ ಉಳಿದ ಪದಗಳು

ಕೇಶವಿನ್ಯಾಸದ ಯಾವ ಪಟ್ಟಿಯಲ್ಲಿಯೂ ಕಾಣದ ಎರಡು ಪದಗಳಿವೆ: ‘ಬೋಳಿ’ ಮತ್ತು ‘ಮುಂಡೆ’. ಮೊದಲನೆಯದು ಬೋಳು ಶಬ್ದದಿಂದ, ಎರಡನೆಯದು ತಲೆಬೋಳಿಸಿದ ಎಂಬರ್ಥದ ಸಂಸ್ಕೃತದ ಮುಂಡ ಶಬ್ದದಿಂದ ಬಂದದ್ದು. ಎರಡೂ ಕೂದಲಿನ ಸ್ಥಿತಿಯನ್ನು ಹೇಳಿ, ವಿಧವೆಯನ್ನು ಸೂಚಿಸಿ, ಕೊನೆಗೆ ಬರಿಯ ಬೈಗುಳಾದವು. ಹಳೆಯ ಮೈಸೂರಿನ ‘ಮುಂಡೇದು’ ಎಂಬ ರೂಪದಲ್ಲಿ ಸ್ತ್ರೀಲಿಂಗವೂ ಅಳಿದು, ಅದು ಮುದ್ದಿನ ಗದರಿಕೆಯೂ ಆಗಬಲ್ಲದು. ಇದೇ ಕ್ಷೇತ್ರದ ಮೂರನೆಯ ಪದ ‘ಸಕೇಶಿ’, ಅಂದರೆ ಕೂದಲನ್ನು ಉಳಿಸಿಕೊಂಡ ವಿಧವೆ. ತಲೆಯಲ್ಲಿ ಕೂದಲಿರುವುದಕ್ಕೇ ಒಂದು ವಿಶೇಷ ಹೆಸರು ಬೇಕಾಗುವುದು ಬೋಳಿಸುವುದೇ ನಿಯಮವಾಗಿದ್ದ ಸಮುದಾಯದಲ್ಲಿ ಮಾತ್ರ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಚಿತ್ರಿಸಿದ ಆ ಬದುಕನ್ನು ಕಾದಂಬರಿ ನೆನಪಿಟ್ಟುಕೊಂಡಿದೆ. ನಿಘಂಟು ‘ಬೈಗುಳ’ ಎಂದು ಬರೆದು ಮುಂದೆ ಸಾಗಿದರೆ ಸಾಲದು. ಈ ಪದಗಳನ್ನು ಆಡುವವರಿಗೆ ಕ್ಷೌರಿಕನ ಕತ್ತಿ ನೆನಪಿಲ್ಲ. ಅದನ್ನು ನೆನಪಿಡುವುದು ಕೋಶಕಾರನ ಹೊಣೆ.

7. ಮುಂದಿನ ಕೆಲಸ

ಭದ್ರಿರಾಜು ಕೃಷ್ಣಮೂರ್ತಿ ಅವರು 1962ರಲ್ಲಿ ಹೊರತಂದ ತೆಲುಗು ಮಾಂಡಲಿಕ ವೃತ್ತಿಪದಕೋಶದ ಕೃಷಿ ಸಂಪುಟ, ಕಸುಬಿನವರ ಪದಗಳನ್ನು ಅವರ ಬಾಯಿಂದಲೇ, ಪ್ರದೇಶದ ಗುರುತಿನೊಡನೆ ಸಂಗ್ರಹಿಸುವ ಮಾದರಿಯನ್ನು ಹಾಕಿಕೊಟ್ಟಿತು. ಕೇಶವಿನ್ಯಾಸದ ಪದಗಳಿಗೆ ಆ ಮಾದರಿಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಪ್ರತಿ ನಮೂದಿನಲ್ಲಿಯೂ ನಾಲ್ಕು ಸಂಗತಿಗಳು ಇರಬೇಕು: ಪದದ ಸೀಮೆ, ಅದರ ಜೊತೆಗಾರ ಕ್ರಿಯಾಪದಗಳು, ಆ ಕೂದಲು ಯಾರದು ಎಂಬ ವಿವರ, ಕೂದಲಿನಾಚೆಗೆ ಹಬ್ಬಿದ ಅರ್ಥಗಳು. ಎರಡು ಪದಗಳು ಕೊನೆಯ ಮೂರರಲ್ಲಿ ಬಹುಮಟ್ಟಿಗೆ ಹೊಂದಿದರೆ ಮಾತ್ರ ಅವನ್ನು ಪ್ರಾದೇಶಿಕ ಸಮಾನಾರ್ಥಕಗಳೆನ್ನಬಹುದು. ಜುಟ್ಟು-ಶೆಂಡಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಜಡೆ-ಹೆರಳು, ಮುಡಿ-ಜವಳ ಆಗುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ಚಿತ್ರ ತೋರಿಸಿ ‘ಇದಕ್ಕೆ ಏನೆನ್ನುತ್ತೀರಿ’ ಎಂದು ಕೇಳುವುದನ್ನು ನಿಲ್ಲಿಸಬೇಕಾಗಿಲ್ಲ. ಅದರ ಬೆನ್ನಿಗೆ ‘ಇದನ್ನು ಏನು ಮಾಡುತ್ತೀರಿ, ಯಾರಿಗೆ ಮಾಡುತ್ತೀರಿ, ಯಾರಿಗೆ ಮಾಡುವುದಿಲ್ಲ’ ಎಂದೂ ಕೇಳಬೇಕು. ಜಡೆ ಹಾಕುತ್ತಿದ್ದ, ತುರುಬು ಕಟ್ಟುತ್ತಿದ್ದ ಹಿರಿಯ ತಲೆಮಾರಿನ ಹೆಂಗಸರು ನಮ್ಮ ನಡುವೆ ಇರುವಾಗಲೇ ಈ ಪ್ರಶ್ನೆಗಳನ್ನು ಕೇಳುವುದು ಒಳಿತು.