ಹುಸಿ ನಡೆಗೆ ಜಾಗ ಇಲ್ಲ

ಡಿಬಿಎ, ಅಂದರೆ ‘ಡೆ ಬೆಲ್ಲಿಸ್ ಆಂಟಿಕ್ವಿಟಾಟಿಸ್’, 1990ರಲ್ಲಿ ಬಂದ ಗೊಂಬೆ ಸೈನ್ಯದ ಆಟ. ಒಬ್ಬೊಬ್ಬರಿಗೆ 12 ತುಕಡಿ. ಪ್ರತಿ ಸರದಿಗೂ ದಾಳ ಹಾಕಬೇಕು, ಬಿದ್ದಷ್ಟೇ ನಡೆ. ಒಂದು ಬಿತ್ತೋ, ನಿಮ್ಮ ಪ್ಲಾನ್ ಮುಗೀತು. ಆದರೆ ಒತ್ತಾಗಿ ನಿಂತ ತುಕಡಿಗಳು ಒಂದೇ ನಡೆಯಲ್ಲಿ ಒಟ್ಟಿಗೆ ಸಾಗಬಹುದು. ಹಾಗಾಗಿ ಇಲ್ಲಿ ಮುಂದಾಲೋಚನೆ ಅಂದ್ರೆ, ಕೆಟ್ಟ ದಾಳ ಬಿದ್ದಾಗಲೂ ಸಾಲು ಒಡೆಯದಂಗ ಇಟ್ಟುಕೊಳ್ಳೋದು. ಈ ವಿಷಯದಲ್ಲಿ ಚದುರಂಗಕ್ಕಿಂತ ಇದೇ ಯುದ್ಧಕ್ಕೆ ಹತ್ತಿರ.

ನನ್ನ ತಕರಾರು ಬೇರೆ. ನಾನು ಇಂಡಿಯವನು, ಯುದ್ಧ ಅಂದ್ರೆ ನಮಗ 1565ರ ತಾಳಿಕೋಟೆ. ಫರಿಶ್ತಾ ಬರೆದಂತೆ, ಕೃಷ್ಣಾ ಹೊಳೆ ದಾಟೋ ಜಾಗವನ್ನು ವಿಜಯನಗರದವರು ಆಚೆ ದಂಡೆಯಲ್ಲಿ ಕಾಯ್ತಿದ್ದರು. ಈಚೆಯ ಸುಲ್ತಾನರ ಸೈನ್ಯ, ಬೇರೆ ಕಡೆ ದಾಟುವವರಂತೆ ಮೂರು ದಿನ ದಂಡೆಗುಂಟ ನಡೆಯಿತು. ಆಚೆಯವರೂ ಸರಿಸಮ ನಡೆದರು. ಆಮೇಲೆ ಇವರು ರಾತ್ರೋರಾತ್ರಿ ಹೊಳ್ಳಿ ಬಂದು, ಕಾವಲಿಲ್ಲದ ಅದೇ ಜಾಗದಲ್ಲಿ ದಾಟಿದರು.

ಮುಂದಿನ ನಡೆ ಯೋಚಿಸೋದು ಅಂದ್ರೆ ಇದಲ್ಲೇನ್ರಿ? ಡಿಬಿಎದಾಗ ಇದನ್ನ ಆಡಾಕ ಬರೂದಿಲ್ಲ. ಎರಡೂ ಸೈನ್ಯ ಟೇಬಲ್ ಮೇಲೆ ಕಣ್ಣೆದುರೇ ಇರ್ತಾವ. ಹುಸಿ ನಡೆ ಇಟ್ಟರೆ ಎದುರಿನವ ಅಳತೆಪಟ್ಟಿ ಹಿಡಿದು ನಗ್ತಾನ. ನಾನಂತೂ ಈಗ ಹೊಳೆಯ ಭಾಗವನ್ನ ಮೊದಲು ಚೀಟಿಯಲ್ಲಿ ಬರೆದಿಟ್ಟು ಆಡ್ತೀನಿ. ಗೊಂಬೆ ಆಮೇಲೆ.