ಜನಪದ ಕಥನದಲ್ಲಿ ದೈವ ಮತ್ತು ಅಂತಃಕರಣ: 'ಕೆರೆಗೆ ಹಾರ'ವನ್ನು ಕುರಿತು ಒಂದು ವಿಚಾರ

ಮನೆಯ ವಾತ್ಸಲ್ಯಕ್ಕೂ ಅಗೋಚರ ಶಕ್ತಿಗಳಿಗೂ ನಡೆಯುವ ಸೆಣಸು ಜನಪದ ಸಾಹಿತ್ಯದ ಹಳೆಯ ವಸ್ತು. ಪಶ್ಚಿಮ ಆಫ್ರಿಕದ ಯೊರುಬಾ ಜನರಲ್ಲಿ 'ಅಬಿಕು' ಎಂಬ ನಂಬಿಕೆಯುಂಟು. ಸಾಯುವುದಕ್ಕೆಂದೇ ಒಬ್ಬಳೇ ತಾಯಿಯ ಬಸಿರಿನಲ್ಲಿ ಮತ್ತೆ ಮತ್ತೆ ಹುಟ್ಟಿಬರುವ ಪ್ರೇತಶಿಶು ಅದು. ಅದನ್ನು ಇಹದಲ್ಲಿ ನಿಲ್ಲಿಸಿಕೊಳ್ಳಲು 'ಮಲೊಮೊ', ಎಂದರೆ ಮರಳಿ ಹೋಗಬೇಡ, 'ದುರೊಜಾಯೆ', ಎಂದರೆ ಇದ್ದು ಬಾಳನ್ನುಣ್ಣು, ಎಂದು ಹೆಸರಿಡುವರು. ಬೇಡಕಿಹಾಳದಂತಹ ಗಡಿಸೀಮೆಯವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ಕನ್ನಡದವರು ತಿಪ್ಪಣ್ಣ, ಗುಂಡಪ್ಪ ಎಂದೂ ಮರಾಠಿಯವರು ಧೋಂಡು, ದಗಡು ಎಂದೂ ಕರೆದ ರೂಢಿ ಹಳೆಯದು. ಯೊರುಬಾ ಹೆಸರಿನಲ್ಲಿ ತಾಯಿ ಕೂಸನ್ನು ಬೇಡುತ್ತಾಳೆ. ನಮ್ಮ ಹೆಸರಿನಲ್ಲಿ ಅವಳು ಮೃತ್ಯುವಿಗೆ ಸುಳ್ಳು ಹೇಳುತ್ತಾಳೆ. ಇದು ಮಗುವಲ್ಲ, ತಿಪ್ಪೆ; ಮಗುವಲ್ಲ, ಕಲ್ಲು!

ಅಂತಃಕರಣದ ಈ ಸುಳ್ಳನ್ನು ಮನದಲ್ಲಿಟ್ಟುಕೊಂಡು ನಮ್ಮ ಉತ್ತರ ಕರ್ನಾಟಕದ 'ಕೆರೆಗೆ ಹಾರ'ವನ್ನು ನೋಡಬೇಕು. ಈ ಕಥನಗೀತವನ್ನು ತ್ಯಾಗದ ಕಥೆಯೆಂದು ಹೊಗಳುವ ವಾಡಿಕೆಯುಂಟು. ನಮಗೆ ಅದು ವಂಚನೆಯ ಕಥೆಯಾಗಿ ತೋರುತ್ತದೆ.

ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಜಲದೇವತೆ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಕೇಳುವುದು ಜೋಯಿಸರ ಹೊತ್ತಿಗೆ. ಹೊತ್ತಿಗೆ ಬೇಡಿದ್ದು ಹಿರಿಯ ಸೊಸೆಯನ್ನು. ಆಕೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರೂ ಇಲ್ಲವೆಂದು ಎಣಿಸಿ, ಕಿರಿಯವಳಾದ ಭಾಗೀರಥಿಯನ್ನು ಆರಿಸುವವರು ಮನೆಯವರೇ. ದೈವದ ಮಾತನ್ನು ತಿದ್ದಬಹುದೆಂದು ಅವರು ಅರಿತಿದ್ದರು. ಪೂರ್ಣವಾಗಿ ತಿದ್ದುವ ಮನಸ್ಸು ಅವರಿಗಿರಲಿಲ್ಲ, ಅಷ್ಟೇ.

ವಿಷಯವನ್ನರಿತ ಭಾಗೀರಥಿ ತವರಿಗೆ ಹೋಗಿ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರೆಂದಷ್ಟೇ ಹೇಳುತ್ತಾಳೆ. ತಂದೆ ಹೊಲಮನೆಯ ಮಾತಾಡುತ್ತಾನೆ, ತಾಯಿ ಒಡವೆಯ ಮಾತಾಡುತ್ತಾಳೆ. ಅವರಿಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. ಆದರೆ ಆ ಪ್ರೀತಿಗೆ ವಸ್ತುವಿನ ಭಾಷೆಯೊಂದೇ ಗೊತ್ತು. ಮುಖವನ್ನು ಓದುವ ಭಾಷೆ ತಿಳಿಯದು. ನಿಜವನ್ನು ಕೇಳುವವಳು ರಕ್ತಸಂಬಂಧವಿಲ್ಲದ ಗೆಳತಿ. ಕಥನದ ಅತ್ಯಂತ ಆರ್ದ್ರವಾದ ಭಾಗವಿದು. ಇಲ್ಲಿಯೂ ಸುಳ್ಳುಂಟು, ಆದರೆ ಅದು ಹೆತ್ತವರನ್ನು ನೋಯಿಸಬಾರದೆಂಬ ಸುಳ್ಳು.

ಕೊನೆಯ ಸುಳ್ಳು ಬಂಗಾರದ ಬಟ್ಟಲಿನದು. ಪೂಜೆ ಮುಗಿದ ಮೇಲೆ ಬಟ್ಟಲನ್ನು ಮರೆತುಬಂದೆವೆಂದು ನೆಪವೊಡ್ಡಿ ಭಾಗೀರಥಿಯೊಬ್ಬಳನ್ನೇ ಕೆರೆಗೆ ಹಿಂದಿರುಗಿಸುತ್ತಾರೆ. ಅವಳು ಮೆಟ್ಟಿಲೇರಿದಂತೆ ನೀರೂ ಏರುತ್ತದೆ. ದಂಡಿನಿಂದ ಕಳವಳಗೊಂಡು ಬಂದ ಗಂಡ ಮಾದೇವರಾಯನಿಗೂ ಮನೆಯವರು ನಿಜವನ್ನು ಹೇಳುವುದಿಲ್ಲ. ಹೇಳುವವಳು ಮತ್ತೆ ಆ ಗೆಳತಿಯೇ. ಅವನು ಅದೇ ನೀರಿಗೆ ಹಾರುತ್ತಾನೆ.

ಹೀಗೆ ಒಂದೇ ಸೀಮೆಯ ಜನಪದದಲ್ಲಿ ಎರಡು ಬಗೆಯ ವಂಚನೆಗಳನ್ನು ಕಾಣುತ್ತೇವೆ. ಹೆತ್ತ ಕೂಸನ್ನು ಉಳಿಸಿಕೊಳ್ಳಲು ಮನೆ ಮೃತ್ಯುವನ್ನು ವಂಚಿಸುತ್ತದೆ. ಕೆರೆಯನ್ನು ತುಂಬಿಸಿಕೊಳ್ಳಲು ಅದೇ ಮನೆ ಸೊಸೆಯನ್ನು ವಂಚಿಸುತ್ತದೆ. ಕೂಸಿಗಾಗಿ ದೈವದೊಡನೆ ಹೂಡಿದ ಆಟವನ್ನು ಸೊಸೆಗಾಗಿ ಏಕೆ ಹೂಡಲಿಲ್ಲವೆಂಬ ಪ್ರಶ್ನೆಯನ್ನು ಗೀತವು ಬಾಯಿಬಿಟ್ಟು ಎತ್ತುವುದಿಲ್ಲ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಬಾಳನ್ನು ಹಾಡಿದ ಸೊಸೆಯಂದಿರ ನಾಡಿದು. ಅವರು ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಇದ್ದಾರೆಂದು ನಾವು ನಂಬಲಾರೆವು. ತ್ಯಾಗವೆಂಬ ಹಿರಿಯ ಮಾತನ್ನು ಬಳಸುವ ಮುನ್ನ, ಕೊಟ್ಟವರಾರು, ಕೊಡಲ್ಪಟ್ಟವರಾರು ಎಂಬುದನ್ನು ವಿಮರ್ಶಕನು ವಿಚಾರಿಸತಕ್ಕದ್ದು.